ಬೋರ್‌ವೆಲ್ ನೀರು ಕೊಡದಲ್ಲಿ ಕೆಂಪಾಗುತ್ತದೆ, ಆರ್‌ಒ ಘಟಕ ಹಾಕಿಸುವುದಾ?

ಅಘನಾಶಿನಿ ದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ತಾಲ್ಲೂಕಿನ ಹೊಳೆಬದಿಯ ಒಂದು ಊರಿನವಳು. ಎರಡು ವರ್ಷದಿಂದ ಗ್ರಾಮದ ನೀರು ಸಮಿತಿಯಲ್ಲಿದ್ದೇನೆ. ಮುಂದಿನ ಶುಕ್ರವಾರ ಸಭೆ ಇದೆ. ಅಷ್ಟರೊಳಗೆ ತಿಳಿದವರು ಸ್ವಲ್ಪ ದಾರಿ ಹೇಳಿದರೆ ದೊಡ್ಡ ಉಪಕಾರ.

ನಮ್ಮಲ್ಲಿ 140 ಮನೆ. ಮನೆ ಮನೆಗೆ ಗಂಗೆ ಯೋಜನೆಯಲ್ಲಿ ಎಲ್ಲರ ಅಂಗಳಕ್ಕೂ ನಲ್ಲಿ ಬಂದಿದೆ. ನೀರು ಬರುವುದು ಎರಡು ಕಡೆಯಿಂದ. ಒಂದು ಊರ ನಡುವಿನ ಹಳೆಯ ಚಿರೆಕಲ್ಲಿನ (ಜಂಬಿಟ್ಟಿಗೆಯ) ತೆರೆದ ಬಾವಿ. ಬೇಸಿಗೆಯಲ್ಲಿ ಅದು ಸಾಲುವುದಿಲ್ಲ ಅಂತ ಆಮೇಲೆ ಬೋರ್‌ವೆಲ್ ಕೊರೆಸಿದರು. ಎರಡೂ ನೀರು ಗುಡ್ಡದ ಮೇಲಿನ ಒಂದೇ ಟ್ಯಾಂಕಿಗೆ ಬಿದ್ದು, ಅಲ್ಲಿಂದ ಮನೆಗಳಿಗೆ ಇಳಿಯುತ್ತದೆ.

ಬೋರ್‌ವೆಲ್ ನೀರು ಬರುವಾಗ ಕನ್ನಡಿ ಹಾಗೆ ಇರುತ್ತದೆ. ಒಂದು ತಾಸು ಕೊಡದಲ್ಲಿಟ್ಟರೆ ಹಳದಿ, ರಾತ್ರಿ ಕಳೆದರೆ ತಳದಲ್ಲಿ ಕೆಂಪು ಗಸಿ. ಚಹಾ ಮಾಡಿದರೆ ಶಾಯಿ ಹಾಗೆ ಕಪ್ಪಾಗುತ್ತದೆ. ಮಕ್ಕಳ ಶಾಲೆಯ ಬಿಳಿ ಅಂಗಿಗಳೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿವೆ.

ಇದು ಒಂದು ಕಥೆ. ಇನ್ನೊಂದು ಕಥೆ ಮಳೆಗಾಲದ್ದು. ಹೋದ ಜುಲೈಯಲ್ಲಿ ಒಂದೇ ಕೇರಿಯ ನಾಲ್ಕು ಮಕ್ಕಳಿಗೆ ವಾಂತಿಭೇದಿ ಆಯ್ತು. ಪಂಚಾಯಿತಿಯಿಂದ ಕೊಟ್ಟಿದ್ದ ಪರೀಕ್ಷೆಯ ಚಿಕ್ಕ ಬಾಟಲಿಗೆ ನಲ್ಲಿ ನೀರು ತುಂಬಿ, ನಮ್ಮ ಅಡುಗೆಮನೆಯಲ್ಲಿ ಒಲೆಯಿಂದ ಸ್ವಲ್ಪ ದೂರ ಬೆಚ್ಚಗೆ ಇಟ್ಟಿದ್ದೆ. ಮರುದಿನ ಸಂಜೆ ನೋಡಿದರೆ ಮಸಿಯಷ್ಟು ಕಪ್ಪು. ಕಪ್ಪಾದರೆ ನೀರಿನಲ್ಲಿ ರೋಗಾಣು ಇರಬಹುದು ಅಂತ ಅರ್ಥ. ಆ ನೀರನ್ನೇ ನಾವೆಲ್ಲ ಕುಡಿಯುತ್ತಿದ್ದೆವು. ಆ ಬಾಟಲಿ ಹಿಡಿದುಕೊಂಡು ನಿಂತಾಗ ನನ್ನ ಕೈ ನಡುಗಿದ್ದು ಇವತ್ತಿಗೂ ನೆನಪಿದೆ.

ಮರುದಿನವೇ ನೀರಗಂಟಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದರು. ಆವತ್ತು ನಲ್ಲಿಯಲ್ಲಿ ಬಂದದ್ದು ಇಟ್ಟಿಗೆ ಬಣ್ಣದ ನೀರು. ಊರವರೆಲ್ಲ ಅವರ ಮೇಲೆ ಹರಿಹಾಯ್ದರು. ಎರಡು ದಿನಕ್ಕೆ ಪೌಡರ್ ಹಾಕುವುದು ನಿಂತಿತು. ಈಗಲೂ ನಿಂತೇ ಇದೆ.

ಈಗ ಒಂದು ಕಂಪನಿಯವರು ಬಂದು ಹೋಗಿದ್ದಾರೆ. ತಾಸಿಗೆ 1000 ಲೀಟರ್‌ನ ಆರ್‌ಒ ಘಟಕ, ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುವಂಥದ್ದು, 11 ಲಕ್ಷ. ಸಮಿತಿಯಲ್ಲಿ ಅರ್ಧ ಜನರಿಗೆ ಅದೇ ಸರಿ ಅನಿಸಿದೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಆದರೆ ಯಾಕೆ ಬೇಡ ಅಂತ ಹೇಳಲು ನನ್ನ ಹತ್ತಿರ ಮಾತಿಲ್ಲ.

ಬೋರ್‌ವೆಲ್‌ನ ಲ್ಯಾಬ್ ರಿಪೋರ್ಟ್ ಹೀಗಿದೆ: ಪಿಎಚ್ (7ಕ್ಕಿಂತ ಕಡಿಮೆ ಆದಷ್ಟೂ ನೀರು ಹುಳಿ) 5.9, ಕಬ್ಬಿಣ ಲೀಟರಿಗೆ 3.8 ಮಿಲಿಗ್ರಾಂ, ಟಿಡಿಎಸ್ (ಕರಗಿದ ಉಪ್ಪಿನಂಶ) 140, ಕ್ಲೋರೈಡ್ 32. ತೆರೆದ ಬಾವಿಯದ್ದು ಕಬ್ಬಿಣ 0.2, ಉಳಿದದ್ದೂ ಕಡಿಮೆಯೇ, ಆದರೆ ಮಲದಿಂದ ಬರುವ ಇ ಕೋಲಿ ರೋಗಾಣು ಇದೆ. ಆರ್‌ಒ ಬೇಡ ಅಂದರೆ ಏನು ಬೇಕು? ಟೆಂಡರ್‌ನಲ್ಲಿ ಏನು ಬರೆಸಬೇಕು? ದಯವಿಟ್ಟು ಹೇಳಿ.

ನಿವೃತ್ತ ಜೆಇ

ತಂಗಿ, ರಿಪೋರ್ಟ್ ಹಾಕಿದ್ದು ತುಂಬ ಒಳ್ಳೆಯದಾಯ್ತು. ನಾನು ಅಂಕೋಲಾ, ಹೊನ್ನಾವರ ಕಡೆ ವರ್ಷಗಟ್ಟಲೆ ನೀರಿನ ಕೆಲಸದಲ್ಲೇ ಇದ್ದವನು. ನಿಮ್ಮ ಮನಸ್ಸು ಒಪ್ಪದೇ ಇದ್ದದ್ದು ಸರಿಯಾಗಿಯೇ ಇದೆ.

ಆರ್‌ಒ ಇರುವುದು ನೀರಿನಲ್ಲಿ ಕರಗಿದ ಉಪ್ಪು ತೆಗೆಯಲು. ಕೋಲಾರ, ಪಾವಗಡದ ಕಡೆ ಫ್ಲೋರೈಡ್ ಇದೆ, ಅಲ್ಲಿ ಅದಕ್ಕೆ ಅರ್ಥ ಇದೆ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಟಿಡಿಎಸ್ 500ರವರೆಗೆ ಒಳ್ಳೆಯ ನೀರು. ನಿಮ್ಮದು 140. ತೆಗೆಯಲು ಉಪ್ಪೇ ಇಲ್ಲ. ಮೇಲಾಗಿ ಈ ಕಬ್ಬಿಣ ಹೋಗಿ ಆರ್‌ಒ ಒಳಗಿನ ಸೋಸುವ ಪೊರೆ (ಮೆಂಬ್ರೇನ್) ಮೇಲೆ ಕೂತರೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಒಳಗೆ ಹೋದ ನೀರಿನಲ್ಲಿ ದೊಡ್ಡ ಪಾಲು ಹೊರಗೆ ಚೆಲ್ಲಿ ಹೋಗುತ್ತದೆ. ಬೇಸಿಗೆಯಲ್ಲಿ ನೀರಿಲ್ಲದ ಊರಿಗೆ ಅದು ಬೇಕಾ? ಇನ್ನೊಂದು ಮಾತು. ಕ್ಯಾನ್ ನೀರು ಶುದ್ಧವಾದರೂ ಅಂಗಳದ ನಲ್ಲಿ ನೀರು ಹಾಗೇ ಇರುತ್ತದೆ. ಆಟ ಆಡಿ ಬಂದ ಮಗು ಬಾಯಿ ಹಚ್ಚುವುದು ನಲ್ಲಿಗೇ ಅಲ್ವಾ?

ಈಗ ಬ್ಲೀಚಿಂಗ್ ಪೌಡರ್ ವಿಷಯ. ನೀರಗಂಟಿಯದ್ದು ಏನೂ ತಪ್ಪಿಲ್ಲ, ಇದನ್ನು ಸಭೆಯಲ್ಲಿ ಮೊದಲು ಹೇಳಿ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಕರಗಿ ಕಣ್ಣಿಗೆ ಕಾಣದ ಹಾಗೆ ಇರುತ್ತದೆ. ಗಾಳಿ ತಾಗಿದರೆ ನಿಧಾನವಾಗಿ ತುಕ್ಕಾಗುತ್ತದೆ, ಅದೇ ನಿಮ್ಮ ಕೊಡದ ಗಸಿ. ಕ್ಲೋರಿನ್ ತಾಗಿದರೆ ಆ ಕೆಲಸ ಕೂಡಲೇ ಆಗುತ್ತದೆ. ಅದಕ್ಕೇ ನಲ್ಲಿಯಲ್ಲಿ ಇಟ್ಟಿಗೆ ಬಣ್ಣ. ಲೆಕ್ಕ ನೋಡಿ: 1 ಮಿಲಿಗ್ರಾಂ ಕಬ್ಬಿಣ ಸುಮಾರು 0.64 ಮಿಲಿಗ್ರಾಂ ಕ್ಲೋರಿನ್ ತಿನ್ನುತ್ತದೆ. ನಿಮ್ಮ 3.8ಕ್ಕೆ ಸುಮಾರು 2.4 ಬೇಕು. ಸಾಮಾನ್ಯವಾಗಿ ನಾವು ಹಾಕುವುದು ಲೀಟರಿಗೆ 2 ಮಿಲಿಗ್ರಾಂನ ಹತ್ತಿರ. ಅಷ್ಟನ್ನೂ ಕಬ್ಬಿಣವೇ ನುಂಗಿದರೆ ರೋಗಾಣು ಕೊಲ್ಲಲು ಏನು ಉಳಿಯಿತು? ನೀರೂ ಕೆಂಪು, ರೋಗಾಣುವೂ ಹಾಗೇ.

ಹಾಗಾಗಿ ಮೊದಲು ಕಬ್ಬಿಣ ಹೊರಗೆ, ಆಮೇಲೆ ಕ್ಲೋರಿನ್. ಬೋರ್‌ವೆಲ್ ನೀರನ್ನು ತಟ್ಟೆ ತಟ್ಟೆಯಾಗಿ ಮೇಲಿಂದ ಬೀಳಿಸಿ ಗಾಳಿ ಆಡಿಸಬೇಕು. ಸ್ವಲ್ಪ ಹೊತ್ತು ತಂಗಲು ಬಿಟ್ಟು ಮರಳಿನ ಫಿಲ್ಟರ್‌ನಲ್ಲಿ ಸೋಸಬೇಕು. ತೊಡಕು ಇರುವುದು ಪಿಎಚ್‌ನಲ್ಲಿ. ನೀರು ಹುಳಿಯಾದಷ್ಟೂ ಗಾಳಿಯಿಂದ ಕಬ್ಬಿಣ ಬಿಡುವುದು ನಿಧಾನ. ನಮ್ಮ ಚಿರೆಕಲ್ಲಿನ ನೆಲದ ನೀರಿನಲ್ಲಿ ಹುಳಿಗೆ ಒಂದು ಕಾರಣ ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್. ಗಾಳಿ ಆಡಿಸಿದರೆ ಅದು ಸ್ವಲ್ಪ ಹಾರಿ ಹೋಗಿ ಪಿಎಚ್ ಮೇಲೆ ಬರುತ್ತದೆ. ಸಾಲದಿದ್ದರೆ ಸುಣ್ಣದ ಕಲ್ಲಿನ ಪದರದ ಮೂಲಕ ಹಾಯಿಸಬೇಕು.

ಎಷ್ಟು ಬೇಕು ಅಂತ ನೀವೇ ನೋಡಬಹುದು. ಬೋರ್‌ವೆಲ್ ಅರ್ಧ ತಾಸು ಓಡಿದ ಮೇಲೆ ಮೂರು ಬಿಳಿ ಬಾಟಲಿಗೆ ನೀರು ಹಿಡಿಯಿರಿ. ಒಂದನ್ನು ಕಂಠಪೂರ್ತಿ ತುಂಬಿ ಮುಚ್ಚಿಡಿ. ಎರಡನೆಯದನ್ನು ಅರ್ಧ ತುಂಬಿ ಐದು ನಿಮಿಷ ಚೆನ್ನಾಗಿ ಕುಲುಕಿ. ಮೂರನೆಯದಕ್ಕೆ ಸ್ವಲ್ಪ ತಿಳಿ ಸುಣ್ಣದ ನೀರು ಬಿಟ್ಟು ಕುಲುಕಿ. ರಾತ್ರಿ ಬಿಟ್ಟು ಬೆಳಿಗ್ಗೆ ಮೇಲಿನ ನೀರನ್ನು ಬಟ್ಟೆಯಲ್ಲಿ ಸೋಸಿ ನೋಡಿ. ಎರಡನೆಯದು ತಿಳಿಯಾದರೆ ಬರೀ ಗಾಳಿ ಸಾಕು. ಮೂರನೆಯದು ಮಾತ್ರ ತಿಳಿಯಾದರೆ ಸುಣ್ಣದ ಕಲ್ಲು ಬೇಕು.

ಇನ್ನೊಂದು ಪರೀಕ್ಷೆ ಮರೆಯಬೇಡಿ. ಬೋರ್‌ವೆಲ್ ಬಾಯಿಯಲ್ಲಿ ಒಂದು ಸ್ಯಾಂಪಲ್, ಕೊನೆಯ ಮನೆಯ ನಲ್ಲಿಯಲ್ಲಿ ಒಂದು. 5.9 ಪಿಎಚ್ ಇರುವ ನೀರು ಕಬ್ಬಿಣದ ಪೈಪನ್ನೂ ತಿನ್ನುತ್ತದೆ. ಕೊನೆಯಲ್ಲಿ ಜಾಸ್ತಿ ಬಂದರೆ ತುಕ್ಕು ಪೈಪಿನದ್ದೂ ಹೌದು, ಆಗ ಫಿಲ್ಟರ್ ಒಂದೇ ಸಾಲದು. ಕಬ್ಬಿಣದ ಸ್ಯಾಂಪಲ್‌ಗೆ ಲ್ಯಾಬ್‌ನವರು ಆಸಿಡ್ ಹಾಕಿದ ಬಾಟಲಿ ಕೊಡುತ್ತಾರೆ, ಅದನ್ನೇ ಕೇಳಿ ತಗೊಳ್ಳಿ. ಸುಮ್ನೆ ನೀರಿನ ಬಾಟಲಿಯಲ್ಲಿ ಒಯ್ದರೆ ಕಬ್ಬಿಣ ಗೋಡೆಗೆ ಅಂಟಿ ರಿಪೋರ್ಟ್‌ನಲ್ಲಿ ಕಡಿಮೆ ಬರುತ್ತದೆ.

ಅಬ್ಬಿ ನೀರು, ಶಿರಸಿ

ಅಕ್ಕಾ, ನಮ್ಮದು ಘಟ್ಟದ ಮೇಲೆ. ಬೆಟ್ಟದಿಂದ ಇಳಿದು ಬರುವ ನೀರು, 46 ಮನೆ. ನಿಮ್ಮ ಹಾಗೆ ಕಬ್ಬಿಣದ ಕಾಟ ಇಲ್ಲ. ಆದರೆ ಖರೀದಿ ಹೇಗೆ ಕೈ ಕೊಡುತ್ತದೆ ಅಂತ ನಾವು ಅನುಭವಿಸಿದ್ದೇವೆ, ಅದನ್ನೇ ಹೇಳುತ್ತೇನೆ.

ಮೊದಲು ನಾವು ತಂದದ್ದು ರೆಡಿಮೇಡ್ ಪ್ರೆಶರ್ ಫಿಲ್ಟರ್. ಯಾವ ಕಂಪನಿ ಅನ್ನುವುದು ಬೇಡ. ಜೂನ್‌ನ ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಾಯ್ತು, ಎರಡೇ ದಿನದಲ್ಲಿ ಫಿಲ್ಟರ್ ಕಟ್ಟಿಕೊಂಡಿತು. ತೊಳೆಯಲು ಹಿಮ್ಮುಖ ನೀರು ಬಿಡಬೇಕು ಅಂದರು. ಬಿಟ್ಟರೆ ಮರಳು ಅಲುಗಾಡಲೇ ಇಲ್ಲ. ಆಮೇಲೆ ಗೊತ್ತಾಯ್ತು, ತೊಳೆಯಲು ಬೇಕಾದ ನೀರಿನ ರಭಸ ಸೋಸುವ ರಭಸದ ಐದಾರು ಪಟ್ಟು. ಕಂಪನಿಯವರು ಒಂದೇ ಸಣ್ಣ ಪಂಪ್ ಕೊಟ್ಟಿದ್ದರು. ಅದು ಕೊಟೇಶನ್‌ನಲ್ಲಿ ಕಡಿಮೆ ರೇಟ್ ಬರಲಿಕ್ಕೆ. ಮೆಕ್ಯಾನಿಕ್ ಬರಲು 40 ದಿನ ಆಯ್ತು. ಅಷ್ಟರಲ್ಲಿ ಜನ ಪೈಪು ತಪ್ಪಿಸಿ ಸೀದಾ ನೀರು ಬಿಟ್ಟುಕೊಂಡಿದ್ದರು. ಫಿಲ್ಟರ್ ಈಗಲೂ ಶೆಡ್‌ನಲ್ಲಿದೆ, ಪಕ್ಕದಲ್ಲಿ ಅಡಿಕೆ ಚೀಲ ಪೇರಿಸಿದ್ದಾರೆ. ಊರಿನ ದುಡ್ಡು ಅದು. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಂತರ ನಾವು ಕಟ್ಟಿಸಿದ್ದು ನಿಧಾನ ಮರಳು ಫಿಲ್ಟರ್. ಅದಕ್ಕೆ ಕರೆಂಟ್ ಬೇಡ. ತಾಸಿಗೆ 10 ಸೆಂಟಿಮೀಟರ್‌ನಷ್ಟು ಮಾತ್ರ ನೀರು ಮರಳಲ್ಲಿ ಇಳಿಯುತ್ತದೆ. ಒಬ್ಬರಿಗೆ ದಿನಕ್ಕೆ 55 ಲೀಟರ್ ಹಿಡಿದರೆ ನಮ್ಮೂರಿಗೆ ಸುಮಾರು 12,650 ಲೀಟರ್ ಬೇಕು. ಅದಕ್ಕೆ ಐದೂಕಾಲು ಚದರ ಮೀಟರ್ ಮರಳು ಸಾಕು. ನಾವು ಅಂಥದ್ದು ಎರಡು ಮಾಡಿದೆವು, ಒಂದನ್ನು ತೊಳೆಯುವಾಗ ಇನ್ನೊಂದು ನಡೆಯುತ್ತದೆ. ಮುಂದೆ ಜಲ್ಲಿ ತುಂಬಿದ ತೊಟ್ಟಿ ಇದೆ, ಕೆಸರು ಅಲ್ಲೇ ನಿಲ್ಲುತ್ತದೆ. ಮೊದಲ ಎರಡು ಮೂರು ವಾರ ಆ ನೀರು ಕುಡಿಯಬಾರದು, ಮರಳ ಮೇಲೆ ಜೀವ ಇರುವ ಲೋಳೆಯ ಪದರ ಕಟ್ಟಬೇಕು, ರೋಗಾಣು ತಡೆಯುವುದರಲ್ಲಿ ಅದರ ಪಾಲು ದೊಡ್ಡದು. ನೀರು ಇಳಿಯುವುದು ತೀರಾ ನಿಧಾನ ಆದಾಗ ಇಬ್ಬರು ಸಲಿಕೆ ತಗೊಂಡು ಹೋಗಿ ಮೇಲಿನ ಬೆರಳು ದಪ್ಪದ ಮರಳು ಕೆರೆದು ತೆಗೆಯುತ್ತಾರೆ. ಬೆಳಿಗ್ಗೆ ಶುರು ಮಾಡಿದರೆ ಆಸರಿ (ಚಹಾ) ಹೊತ್ತಿಗೆ ಮುಗಿಯುತ್ತದೆ.

ಟೆಂಡರ್ ಬಗ್ಗೆ ಕೇಳಿದ್ದೀರಿ. ಸರ್ಕಾರಿ ಖರೀದಿಯ ಕೆಟಿಪಿಪಿ ಕಾಯ್ದೆ 1999ರ ಪ್ರಕಾರ ಆಗಬೇಕಾದ ವಿಧಾನ ಪಿಡಿಒ ನೋಡಿಕೊಳ್ಳುತ್ತಾರೆ. ಆದರೆ ಒಳಗೆ ಏನು ಬರೆಯಬೇಕು ಅನ್ನುವುದನ್ನು ಸಮಿತಿಯೇ ಕೂತು ಹೇಳಬೇಕು. ನಾವು ಮೊದಲ ಸಲ ಮಾಡಿದ ತಪ್ಪು, ಮಾರುವವರು ಕೊಟ್ಟ ಕಾಗದದಲ್ಲಿದ್ದದ್ದನ್ನೇ ನಕಲು ಮಾಡಿದ್ದು. ಮಷಿನ್‌ನ ಹೆಸರು ಬರೆಯಬೇಡಿ. ನಿಮ್ಮ ಕೆಟ್ಟ ತಿಂಗಳಿನ ನೀರಿನ ರಿಪೋರ್ಟ್ ಲಗತ್ತಿಸಿ, ಹೊರಗೆ ಬರುವ ನೀರು ಹೇಗಿರಬೇಕು ಅಂತ ಬರೆಯಿರಿ. ದಿನಕ್ಕೆ ಎಷ್ಟು ಲೀಟರ್, ಕರೆಂಟ್ ಎಷ್ಟು ತಾಸು ಇರುತ್ತದೆ, ತೊಳೆದ ಕೆಂಪು ನೀರು ಯಾವ ಗುಂಡಿಗೆ ಹೋಗಬೇಕು, ಎಲ್ಲವೂ ಅದರಲ್ಲಿರಲಿ. ಐದು ವರ್ಷದ ನಿರ್ವಹಣೆಯ ರೇಟನ್ನು ಮೊದಲೇ ಹಾಕಿಸಿ, ಎರಡೂ ಕೂಡಿಸಿಯೇ ಯಾರದ್ದು ಕಡಿಮೆ ಅಂತ ನೋಡಿ. ದುಡ್ಡಿನಲ್ಲಿ ಒಂದು ಭಾಗವನ್ನು ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಬೇಸಿಗೆ ಮುಗಿಯುವ ತನಕ ಹಿಡಿದಿಡಿ. ಸ್ಯಾಂಪಲ್ ಹಿಡಿಯುವುದು ಸಮಿತಿಯವರೇ ಆಗಬೇಕು, ಕಂಪನಿಯವರ ಕೈಗೆ ಬಾಟಲಿ ಕೊಡಬೇಡಿ.

ನಿವೃತ್ತ ಜೆಇ

ಶಿರಸಿಯವರು ಹೇಳಿದ್ದಕ್ಕೆ ಒಂದೇ ಸೇರಿಸುತ್ತೇನೆ. ಕಬ್ಬಿಣದ ಮಿತಿ ಮಾನದಂಡದಲ್ಲಿ ಮೊದಲು 0.3 ಇತ್ತು, 2015ರ ತಿದ್ದುಪಡಿಯಲ್ಲಿ 1.0 ಆಯ್ತು. ಕಂಪನಿಯವರು 1.0 ಅಂತಲೇ ಬರೆಯಲು ನೋಡುತ್ತಾರೆ. ನೀವು 0.3 ಕೇಳಿ. ಅದಕ್ಕಿಂತ ಜಾಸ್ತಿಯಾದರೆ ಬಟ್ಟೆ ಕಲೆಯಾಗುತ್ತದೆ, ಬಟ್ಟೆ ಕಲೆಯಾದರೆ ಜನ ನೀರನ್ನು ನಂಬುವುದಿಲ್ಲ.

ಕಾಳಿ ತೀರ

ಅಕ್ಕಾ, ನಾನು ಕಾರವಾರ ತಾಲ್ಲೂಕಿನವಳು. ನಮ್ಮೂರಲ್ಲಿ ನೀರಿನ ಕಿಟ್ ಪರೀಕ್ಷೆಗೆ ತರಬೇತಿ ಪಡೆದ ಐವರು ಹೆಂಗಸರಲ್ಲಿ ನಾನೂ ಒಬ್ಬಳು. ಎರಡು ವಿಷಯ.

ಆ ರಿಪೋರ್ಟ್ ಯಾವ ತಿಂಗಳದ್ದು? ನೀವು ಹೊಳೆಬದಿ ಅಂದಿರಿ. ನಮ್ಮಲ್ಲಿ ಡಿಸೆಂಬರ್‌ನಲ್ಲಿ ಸಿಹಿಯಾಗಿದ್ದ ನೀರು ಮೇ ತಿಂಗಳಿಗೆ ಉಪ್ಪಾಗುತ್ತದೆ. ಗಜನಿಯ (ಉಪ್ಪುನೀರು ಹತ್ತುವ ಗದ್ದೆಯ) ಹತ್ತಿರ ಇದ್ದರಂತೂ ಹೇಳುವುದೇ ಬೇಡ. ಟಿಡಿಎಸ್ 140 ಅಂತ ನಂಬಿಕೊಂಡು ಏನೂ ತೀರ್ಮಾನ ಮಾಡಬೇಡಿ, ಈಗಿನ ನೀರು ನೋಡಿ.

ಎರಡನೆಯದು ಪೌಡರ್. ಹೊಸ ಪೌಡರ್‌ನಲ್ಲಿ ನೂರಕ್ಕೆ 30ರಿಂದ 35 ಭಾಗ ಕ್ಲೋರಿನ್ ಇರುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಚೀಲ ಬಿಚ್ಚಿಟ್ಟರೆ ಶಕ್ತಿಯೆಲ್ಲ ಹಾರಿ ಹೋಗುತ್ತದೆ. ಒಂದು ಸಲ ಪಂಚಾಯಿತಿ ಗೋದಾಮಿನಿಂದ ತಂದ ಚೀಲ ಬಿಚ್ಚಿದರೆ ಮೂಗಿಗೆ ಘಾಟೇ ಹೊಡೆಯಲಿಲ್ಲ, ಗಟ್ಟಿ ಸುಣ್ಣದ ಉಂಡೆಗಳು. ಎಷ್ಟು ಹಾಕಿದರೂ ಪರೀಕ್ಷೆಯಲ್ಲಿ ಬಣ್ಣ ಬರಲಿಲ್ಲ. ಆಮೇಲಿಂದ ನಾವು ಸಣ್ಣ ಸಣ್ಣ ಪ್ರಮಾಣದಲ್ಲಿ ತರಿಸುತ್ತೇವೆ, ಚೀಲದ ಮೇಲಿನ ತಯಾರಿಕೆಯ ತಿಂಗಳು ನೋಡಿಯೇ ಸಹಿ ಹಾಕುತ್ತೇವೆ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡ್ರಮ್‌ನಲ್ಲಿ ಇಡುತ್ತೇವೆ. ಬಕೆಟ್‌ನಲ್ಲಿ ಮೊದಲು ಹಿಟ್ಟಿನ ಹಾಗೆ ಕಲಸಿ, ಆಮೇಲೆ ನೀರು ಸೇರಿಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿ ಮಾತ್ರ ಟ್ಯಾಂಕಿಗೆ. ಅರ್ಧ ತಾಸು ಬಿಟ್ಟೇ ವಾಲ್ವ್ ತೆರೆಯುವುದು.

ಕೊನೆಯ ಮನೆಯ ನಲ್ಲಿಯಲ್ಲಿ ನಾನು ದಿನಾ ಬೆಳಿಗ್ಗೆ ನೋಡುತ್ತೇನೆ. ಗಾಜಿನ ಕೊಳವೆಗೆ ನೀರು, ಅದಕ್ಕೆ ಎರಡು ಹನಿ ಔಷಧಿ. ನಿಂಬೆಹಣ್ಣಿನ ಸಿಪ್ಪೆಯ ಬಣ್ಣ ಬಂದರೆ ಕ್ಲೋರಿನ್ ಇದೆ ಅಂತ. ಬಣ್ಣದ ಪಟ್ಟಿಯ ಜೊತೆ ಹಿಡಿದು ನೋಡಿದರೆ ಲೀಟರಿಗೆ 0.2 ಮಿಲಿಗ್ರಾಂ ಆದರೂ ಇರಬೇಕು. ಬಿಳಿಯಾಗಿಯೇ ಇದ್ದರೆ ಕೂಡಲೇ ನೀರಗಂಟಿಗೆ ಫೋನ್. ಈ ರಿಜಿಸ್ಟರ್ ಬರೆಯುವವರಿಗೆ ಮತ್ತು ನೀರಗಂಟಿಗೆ ಸಂಬಳ ಎಲ್ಲಿಂದ ಅನ್ನುವುದನ್ನೂ ಅದೇ ಸಭೆಯಲ್ಲಿ ತೀರ್ಮಾನಿಸಿ. 15ನೇ ಹಣಕಾಸು ಆಯೋಗದ (2021ರಿಂದ 2026) ಅನುದಾನದಲ್ಲಿ ನೂರಕ್ಕೆ 30 ಭಾಗ ಕುಡಿಯುವ ನೀರು, ಮಳೆನೀರು ಕೊಯ್ಲಿಗೆ ಅಂತಲೇ ಇಟ್ಟಿದ್ದರು. ನಮ್ಮಲ್ಲಿ ಪೌಡರ್, ರಿಪೇರಿಗೆ ಅದರಿಂದ ಕೊಟ್ಟರು. ಪಿಡಿಒ ಹತ್ತಿರ ಈಗ ಯಾವ ಬಾಬಿನಲ್ಲಿ ಬರುತ್ತದೆ ಅಂತ ಕೇಳಿ.

ಅಘನಾಶಿನಿ ದಡ

ಎಲ್ಲರಿಗೂ ತುಂಬ ಧನ್ಯವಾದ. ಓದಿ ಕಣ್ಣು ತುಂಬಿ ಬಂತು.

ರಿಪೋರ್ಟ್ ಡಿಸೆಂಬರ್‌ದೇ! ಯಾರೂ ಕೇಳಿರಲಿಲ್ಲ. ನಿನ್ನೆ ಶಾಲೆಯ ಅಕ್ಕೋರ ಹತ್ತಿರ ಇದ್ದ ಟಿಡಿಎಸ್ ಮೀಟರ್ ತಂದು ನೋಡಿದೆವು. ಬೆಳಿಗ್ಗೆ ಪಂಪ್ ಹಚ್ಚಿದಾಗ 220. ಆರು ತಾಸು ಓಡಿದ ಮೇಲೆ 410. ಬಾಯಿಗೂ ಸ್ವಲ್ಪ ಉಪ್ಪು ತಾಗುತ್ತದೆ.

ಬಾಟಲಿ ಪರೀಕ್ಷೆಯನ್ನು ನೀರಗಂಟಿಯೇ ಮಾಡಿದರು. ಮೊದಲನೆಯದು ಬೆಳಿಗ್ಗೆ ತನಕ ತಿಳಿಯಾಗಿಯೇ ಇತ್ತು. ಮುಚ್ಚಳ ತೆಗೆದ ಮೇಲೆ ಹಳದಿಯಾಗತೊಡಗಿತು. ಕುಲುಕಿದ್ದು ಸೋಸಿದ ಮೇಲೂ ಮಬ್ಬು ಹಳದಿ. ಸುಣ್ಣದ್ದು ಮಾತ್ರ ಕೆಳಗೆ ಕೆಂಪು ಹತ್ತಿಯ ಹಾಗೆ ಕೂತು, ಮೇಲೆ ಪೂರ್ತಿ ತಿಳಿ. ಅವರು ಆ ಬಾಟಲಿಯನ್ನು ಬಿಸಿಲಿಗೆ ಹಿಡಿದು ಎಷ್ಟೋ ಹೊತ್ತು ನೋಡಿದರು.

ಒಂದು ಚಿಂತೆ. ಫಿಲ್ಟರ್ ಟೆಂಡರ್ ಆಗಿ ಬರುವಷ್ಟರಲ್ಲಿ ಮಳೆ ಬಂದೇ ಬಿಡುತ್ತದೆ. ಈ ಜುಲೈಗೆ ಏನು ಮಾಡಲಿ?

ನಿವೃತ್ತ ಜೆಇ

ತಂಗಿ, ಈ ಮಳೆಗಾಲಕ್ಕೆ ನಿಮಗೆ ದುಡ್ಡೇ ಬೇಡ. ಕಬ್ಬಿಣ ಇರುವುದು ಬೋರ್‌ವೆಲ್‌ನಲ್ಲಿ, ರೋಗಾಣು ಇರುವುದು ತೆರೆದ ಬಾವಿಯಲ್ಲಿ. ಜೂನ್‌ನಲ್ಲಿ ಬಾವಿ ತುಂಬಿದ ದಿನವೇ ಬೋರ್‌ವೆಲ್ ಬಂದ್ ಮಾಡಿ. ಬಾವಿ ನೀರಿಗೆ ಮಾತ್ರ ಕ್ಲೋರಿನ್ ಹಾಕಿದರೆ ಕೆಂಪಾಗುವುದಿಲ್ಲ, ಅದರಲ್ಲಿ ಕಬ್ಬಿಣ ಬರೀ 0.2 ಇದೆಯಲ್ಲ. ಪೈಪಿನೊಳಗೆ ಹಳೆ ಗಸಿ ಕೂತಿರುತ್ತದೆ, ಅದಕ್ಕೆ ಮೊದಲು ಟ್ಯಾಂಕ್ ತೊಳೆದು, ಲೈನಿನ ಕೊನೆಯ ವಾಲ್ವ್ ತೆರೆದು ಜೋರಾಗಿ ನೀರು ಬಿಡಿ. ಮೊದಲ ದಿನಗಳಲ್ಲಿ ಸ್ವಲ್ಪ ಬಣ್ಣ ಬರಬಹುದು ಅಂತ ಮನೆಮನೆಗೆ ಮುಂಚೆಯೇ ಹೇಳಿಡಿ. 35,000 ಲೀಟರ್ ಟ್ಯಾಂಕಿಗೆ ನೂರಕ್ಕೆ 25 ಶಕ್ತಿಯ ಪೌಡರ್ ಆದರೆ 280 ಗ್ರಾಂನಿಂದ ಶುರು ಮಾಡಿ, ಕೊನೆಯ ನಲ್ಲಿಯ ಬಣ್ಣ ನೋಡಿ ಹೆಚ್ಚು ಕಡಿಮೆ ಮಾಡಿ. ಬಾವಿಯ ಕಟ್ಟೆ ಎತ್ತರಿಸಿ, ಸುತ್ತ ಸಿಮೆಂಟ್ ಹಾಕಿಸಿ, ಹತ್ತಿರದ ಶೌಚದ ಗುಂಡಿ ಎಲ್ಲಿದೆ ನೋಡಿ. ಚಿರೆಕಲ್ಲಿನ ತೂತುಗಳಲ್ಲಿ ನೀರು ಬೇಗ ಓಡುತ್ತದೆ.

ಉಪ್ಪಿನ ವಿಷಯ: ಸಮುದ್ರದ ಬದಿಯ ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ ಕೆಳಗಿನ ಉಪ್ಪು 40 ಅಡಿಯಷ್ಟು ಮೇಲೆ ಬರಬಹುದು ಅನ್ನುವುದು ನಮ್ಮ ಲೆಕ್ಕ. ಆರು ತಾಸು ಒಂದೇ ಸಮನೆ ಎಳೆಯಬೇಡಿ. ಎರಡೆರಡು ತಾಸು, ನಡುವೆ ಬಿಡುವು. ಈ ಮೇ ತಿಂಗಳ ಸ್ಯಾಂಪಲ್ ಲ್ಯಾಬ್‌ಗೆ ಹೋಗಲಿ, ಟೆಂಡರ್‌ಗೆ ಅದೇ ರಿಪೋರ್ಟ್ ಲಗತ್ತಿಸಿ. ಫಿಲ್ಟರ್ ಬೋರ್‌ವೆಲ್ ಸಾಲಿಗೆ ಮಾತ್ರ, ಸುಣ್ಣದ ಕಲ್ಲು ಸೇರಿಸಿ.

ಅಘನಾಶಿನಿ ದಡ

ನೀರಗಂಟಿಗೆ ಇದನ್ನು ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಸಂಜೆ ಗುಡ್ಡ ಹತ್ತಿ ನೋಡಿದರೆ ಬೋರ್‌ವೆಲ್ ವಾಲ್ವ್‌ಗೆ ಕೆಂಪು ಬಣ್ಣ, ಬಾವಿಯ ವಾಲ್ವ್‌ಗೆ ನೀಲಿ ಬಣ್ಣ ಬಳಿದಿದ್ದರು. ಶುಕ್ರವಾರದ ಸಭೆಗೆ ಆ ಮೂರು ಬಾಟಲಿಗಳನ್ನೂ ತರುತ್ತೇನೆ ಅಂದಿದ್ದಾರೆ.